ಕೊಡಗಿನಲ್ಲಿ ಗೃಹಸಾಲ: ಮೊದಲು ಪಹಣಿ, ಆಮೇಲೆ ಬಡ್ಡಿ

ಗೃಹಸಾಲ ಎಂದಕೂಡಲೇ ಎಲ್ಲರೂ ಕೇಳುವುದು ಬಡ್ಡಿ ಎಷ್ಟು ಎಂದು. ಕೊಡಗಿನಲ್ಲಿ ಅದು ಮೂರನೆಯ ಪ್ರಶ್ನೆ. ಯಾರು ಸಾಲ ಕೊಡಬಲ್ಲರು ಎಂಬುದನ್ನು ಜಾಗದ ದಾಖಲೆ ಹೇಳುತ್ತದೆ. ಯಾವ ಬಗೆಯ ಸಾಲ ಬೇಕು ಎಂಬುದನ್ನು ಮನೆಗೆ ದುಡ್ಡು ಬರುವ ತಿಂಗಳು ಹೇಳುತ್ತದೆ. ಬಡ್ಡಿಯ ಚೌಕಾಸಿ ಇವೆರಡೂ ಇತ್ಯರ್ಥವಾದ ಮೇಲೆ.

ಜಾಗದ ಕಾಗದ

ಅರ್ಜಿಗಳು ಹೆಚ್ಚು ಸಿಕ್ಕಿಕೊಳ್ಳುವುದು ಇಲ್ಲೇ. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಪರವಾಗಿ ಹೆಸರು ದಾಖಲಾದವರ) ಹೆಸರೂ ಒಕ್ಕದ, ಅಂದರೆ ಮನೆತನದ, ಹಲವರ ಹೆಸರೂ ಒಟ್ಟಿಗೆ ಇರುತ್ತವೆ. ಅನುಭವದಲ್ಲಿ ನಿಮ್ಮ ಪಾಲು ಯಾವುದೆಂದು ಊರಿಗೆಲ್ಲ ಗೊತ್ತಿರಬಹುದು. ಬ್ಯಾಂಕಿನ ವಕೀಲರಿಗೆ ಅದು ಸಾಲದು. ನೋಂದಾಯಿತ ವಿಭಾಗಪತ್ರ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸಿದ ದಾಖಲೆ), ನಿಮ್ಮ ಹೆಸರಿನದೇ ಪಹಣಿ, ಈ ಮೂರೂ ಇದ್ದರೆ ದಾರಿ ಸುಗಮ. ಇಲ್ಲವಾದರೆ ವಂಶವೃಕ್ಷದಲ್ಲಿರುವವರೆಲ್ಲರ ಒಪ್ಪಿಗೆ ಕೇಳುತ್ತಾರೆ, ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಒಬ್ಬರ ಸಹಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಾಗ), ಪೈಸಾರಿ (ಸರ್ಕಾರಿ ಜಾಗ) ಇವುಗಳ ಹಕ್ಕಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ಅರ್ಜಿಗೆ ಮೊದಲೇ ವಕೀಲರ ಅಭಿಪ್ರಾಯ ತೆಗೆದುಕೊಳ್ಳುವುದು ಜಾಣತನ.

ತೋಟದೊಳಗೆ ಮನೆ ಕಟ್ಟಲು ಹೊರಟವರಿಗೆ ಭೂಪರಿವರ್ತನೆ (ಕೃಷಿ ಜಮೀನನ್ನು ಕೃಷಿಯೇತರ ಎಂದು ಬದಲಿಸುವುದು) ಏಕೆಂಬ ಬೇಸರ ಸಹಜ. ಸಾಲ ಕೆಟ್ಟಾಗ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಡುತ್ತದೆ. (ಕಾಫಿ ತೋಟ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದು ಬೇರೆಯೇ ಜಗಳ.) ಆದ್ದರಿಂದಲೇ ಮನೆಯ ನಿವೇಶನದಷ್ಟಾದರೂ ಪರಿವರ್ತನೆಯಾಗಿ, ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಕೈಯಲ್ಲಿರಲಿ ಎಂದು ಬ್ಯಾಂಕಿನವರು ಹೇಳುತ್ತಾರೆ. ಜೊತೆಗೆ ಕಟ್ಟಡ ಪರವಾನಗಿ, ಋಣಭಾರ ಪ್ರಮಾಣಪತ್ರ (ಇ.ಸಿ.). ಇ.ಸಿ. ನಮೂನೆ 16ರಲ್ಲಿ ಬಂದರೆ ಆ ಅವಧಿಯಲ್ಲಿ ನೋಂದಾಯಿತ ಋಣವಿಲ್ಲ. 15ರಲ್ಲಿ ಬಂದರೆ ಒಂದೊಂದು ನಮೂದನ್ನೂ ಓದಿ. ಅಜ್ಜನ ಕಾಲದ ತೀರಿದ ಸಾಲ ಪಹಣಿಯ 11ನೇ ಕಾಲಂನಲ್ಲಿ ಇನ್ನೂ ಕೂತಿರುವುದು ಅಪರೂಪವಲ್ಲ.

ಸಹಕಾರ ಸಂಘದಲ್ಲಿ ನೆಂಟರಿಗೆ ಜಾಮೀನು ನಿಂತಿದ್ದರೆ ಅದನ್ನೂ ಮೊದಲೇ ವಿಚಾರಿಸಿ. ಅವರ ಬಾಕಿ ನಿಮ್ಮ ಅರ್ಜಿಗೂ ಅಡ್ಡ ಬರಬಹುದು.

ಯಾರ ಬಳಿ

ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಹೊಸ ಚಲಬಡ್ಡಿ (ಏರಿಳಿಯುವ ಬಡ್ಡಿ) ಗೃಹಸಾಲವನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಮರುಹೊಂದಿಸಬೇಕು. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ಶೇಕಡಾ 6.50ರಿಂದ 5.50ಕ್ಕೆ ಇಳಿದಾಗ ಇಂಥ ಸಾಲಗಾರರಿಗೆ ಅದರ ಲಾಭ ತಾನಾಗಿ ಬಂತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ. ಅವು ತಮ್ಮದೇ ಮೂಲದರ ಬಳಸುತ್ತವೆ, ಇಳಿಕೆ ನಿಧಾನವಾಗಿ ತಲುಪಬಹುದು. ಆದರೆ ಆದಾಯದ ದಾಖಲೆಯ ವಿಷಯದಲ್ಲಿ ಕೆಲವೊಮ್ಮೆ ಸಡಿಲ. ಜಿಲ್ಲಾ ಸಹಕಾರಿ ಬ್ಯಾಂಕಿಗೆ ಸ್ಥಳೀಯ ಭೂಹಿಡುವಳಿ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಒಬ್ಬರಿಗೆ ಕೊಡುವ ಗೃಹಸಾಲಕ್ಕೆ ಮಿತಿಯಿದೆ: 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿವ್ವಳ ಮೌಲ್ಯ 100 ಕೋಟಿಗಿಂತ ಕಡಿಮೆಯಿರುವ ಗ್ರಾಮೀಣ ಸಹಕಾರಿ ಬ್ಯಾಂಕುಗಳಿಗೆ 50 ಲಕ್ಷ, ಉಳಿದವಕ್ಕೆ 75 ಲಕ್ಷಕ್ಕೆ ಏರಿಸಿತು.

ಬ್ಯಾಂಕ್ ಸಾಲ 30 ಲಕ್ಷದವರೆಗೆ ಆಸ್ತಿ ಮೌಲ್ಯದ ಗರಿಷ್ಠ 90 ಶೇಕಡಾ, 75 ಲಕ್ಷದವರೆಗೆ 80, ಅದರಾಚೆ 75. ಮುದ್ರಾಂಕ ಮತ್ತು ನೋಂದಣಿ ಖರ್ಚು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಕ್ರಯಪತ್ರದಲ್ಲಿ ಮೊತ್ತ ಕಡಿಮೆ ತೋರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಾಫಿ ದುಡ್ಡು, ತಿಂಗಳ ಕಂತು

ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯ ಹೊತ್ತಿಗೆ. ಕಂತು ಮಾತ್ರ ಜುಲೈ ಮಳೆಯಲ್ಲೂ ತಪ್ಪದು. 30 ಲಕ್ಷ, 8.5 ಶೇಕಡಾ, 20 ವರ್ಷ ಎಂದರೆ ಕಂತು ಸುಮಾರು 26,035 ರೂಪಾಯಿ; ಒಟ್ಟು ಬಡ್ಡಿ 32.5 ಲಕ್ಷ. ದರವನ್ನು ಕಾಲು ಶೇಕಡಾ ಇಳಿಸಿಕೊಂಡರೆ 20 ವರ್ಷದಲ್ಲಿ ಉಳಿಯುವುದು 1.13 ಲಕ್ಷದಷ್ಟು. ಅದೇ ಸಾಲಕ್ಕೆ ಪ್ರತಿ ವರ್ಷ ಕೊಯ್ಲಿನ ದುಡ್ಡಿನಿಂದ 1 ಲಕ್ಷ ಹೆಚ್ಚುವರಿ ಕಟ್ಟಿದರೆ ಸಾಲ ಹನ್ನೆರಡು ವರ್ಷದೊಳಗೆ ತೀರುತ್ತದೆ, ಉಳಿತಾಯ 15 ಲಕ್ಷದ ಹತ್ತಿರ. ಕಾಲು ಶೇಕಡಾಕ್ಕಾಗಿ ನಾಲ್ಕು ಶಾಖೆ ಅಲೆಯುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು. ಚಲಬಡ್ಡಿಯ ವೈಯಕ್ತಿಕ ಗೃಹಸಾಲಕ್ಕೆ ಮುಂಗಡ ಪಾವತಿ ದಂಡವಿಲ್ಲ. ಕಟ್ಟುವಾಗ “ಅವಧಿ ಇಳಿಸಿ, ಕಂತು ಹಾಗೇ ಇರಲಿ” ಎಂದು ಬರೆದು ಕೊಡಿ. ಕಂತು ಇಳಿಸಿಬಿಟ್ಟರೆ ಲಾಭ ಕರಗುತ್ತದೆ.

ಬೆಳೆಗಾರರಿಗೆ ಇದಕ್ಕಿಂತ ಹೊಂದುವುದು ಓವರ್‌ಡ್ರಾಫ್ಟ್ ಜೋಡಿಸಿದ ಗೃಹಸಾಲ, ಎಸ್‌ಬಿಐಯ ಮ್ಯಾಕ್ಸ್‌ಗೇನ್‌ನಂಥದ್ದು. ಮಾರ್ಚಿನಲ್ಲಿ ಖಾತೆಗೆ ಹಾಕಿದ ದುಡ್ಡಿನಷ್ಟಕ್ಕೆ ಬಡ್ಡಿ ನಿಲ್ಲುತ್ತದೆ. ಗೊಬ್ಬರಕ್ಕೋ ಕೂಲಿಗೋ ಬೇಕಾದಾಗ ಹಿಂದಕ್ಕೆ ತೆಗೆಯಬಹುದು. ದರ ತುಸು ಹೆಚ್ಚಿರಬಹುದು. ಖಾತೆಯಲ್ಲಿ ದುಡ್ಡು ನಿಲ್ಲದವರಿಗೆ ಅದು ಬರೀ ನಷ್ಟ.

ಮಳೆ

ಕಟ್ಟುವ ಸಾಲ ಒಂದೇ ಸಲ ಕೈಗೆ ಬರುವುದಿಲ್ಲ. ಅಡಿಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಬರುತ್ತದೆ. ಬಿಡುಗಡೆಯಾದಷ್ಟಕ್ಕೆ ಬಡ್ಡಿ ಅಂದಿನಿಂದಲೇ ಶುರು. ಏಪ್ರಿಲ್‌ನಲ್ಲಿ ಅಡಿಪಾಯದ ಹಣ ತೆಗೆದು ಜೂನ್‌ನಿಂದ ನಾಲ್ಕು ತಿಂಗಳು ಕೆಲಸ ನಿಂತರೆ ಬಡ್ಡಿಯೂ ಬಾಡಿಗೆಯೂ ಒಟ್ಟಿಗೆ ಕಟ್ಟಬೇಕು. ಮಳೆ ನಿಂತೊಡನೆ ಶುರುಮಾಡಿ ಮೇ ಮುಗಿಯುವುದರೊಳಗೆ ಛಾವಣಿ ಹಾಕುವಂತೆ ಮಂಜೂರಾತಿ ಹೊಂದಿಸಿಕೊಳ್ಳಿ.

2018ರ ಆಗಸ್ಟ್‌ನ ನೆರೆ, ಭೂಕುಸಿತ ಕಂಡವರಿಗೆ ವಿಮೆ ಏಕೆಂದು ಹೇಳಬೇಕಿಲ್ಲ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತವೂ ನೆರೆಯೂ ಸೇರಿವೆ. ಪರಿಹಾರ ಕಟ್ಟಡಕ್ಕೆ, ಕೊಚ್ಚಿಹೋದ ಜಾಗಕ್ಕಲ್ಲ. ಬ್ಯಾಂಕ್ ಕೌಂಟರಿನಲ್ಲಿ ಸಾಲಕ್ಕೇ ಸೇರಿಸಿ ಕೊಡುವ ಜೀವವಿಮೆ ಬೇರೆ ಸರಕು. ಅದರ ಕಂತಿಗೂ ಇಪ್ಪತ್ತು ವರ್ಷ ಬಡ್ಡಿ ಬೀಳುತ್ತದೆ. ಸಹಿಗೆ ಮುನ್ನ ಸಾಲದ ಮುಖ್ಯಾಂಶ ಪತ್ರ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕೇಳಿ. 2024ರ ಅಕ್ಟೋಬರ್‌ನಿಂದ ಅದು ಕಡ್ಡಾಯ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದ್ದು ಆ ಅಂಕಿಯಲ್ಲಿ, ಜಾಹೀರಾತಿನ ದರದಲ್ಲಲ್ಲ.

ಸಾಲ ತೀರಿದ ಮೇಲೆ

ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ತಡವಾದದ್ದು ತಮ್ಮಿಂದಲೇ ಆದರೆ ಬ್ಯಾಂಕ್ ದಿನಕ್ಕೆ 5,000 ರೂಪಾಯಿ ಕೊಡಬೇಕು. ಅಷ್ಟಕ್ಕೇ ಬಿಡಬೇಡಿ. ಅಡಮಾನದ ಬಿಡುಗಡೆ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿ ಹೊಸ ಇ.ಸಿ.ಯಲ್ಲಿ ಕಾಣಬೇಕು. ಪಹಣಿಯಲ್ಲೂ ಭಾರ ನಮೂದಾಗಿದ್ದರೆ ಅದನ್ನು ತೆಗೆಸಿ, ಇಲ್ಲವಾದರೆ ಮುಂದಿನ ಬೆಳೆ ಸಾಲಕ್ಕೆ ಸಂಘದ ಬಾಗಿಲಲ್ಲಿ ಮತ್ತೆ ಅದೇ ಕಾಗದ ಹುಡುಕಬೇಕಾಗುತ್ತದೆ.