ಕ್ಯಾರೆಟ್ ತಲೆ ಚಿಗುರಿದರೆ ಕ್ಯಾರೆಟ್ ಬರುವುದಿಲ್ಲ

ಮಳೆ ಹಿಂದೆ ಸರಿದು ಬಿಸಿಲು ಕಾಣಿಸಿಕೊಳ್ಳುವ ಅಕ್ಟೋಬರ್ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಅಲ್ಲಿಯವರೆಗೆ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಕೇಳುತ್ತಿದ್ದ ಮನೆಗಳಿಂದಲೇ ಹಿತ್ತಲಿನ ಪ್ರಶ್ನೆಗಳು ಬರತೊಡಗುತ್ತವೆ. ಕೊಡಗಿನ ಸಿದ್ದಾಪುರದ ಕಡೆಯ ಗೃಹಿಣಿಯೊಬ್ಬರು ಒಮ್ಮೆ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ತೋರಿಸಿ, "ಕ್ಯಾರೆಟ್ ತಲೆಯನ್ನು ನೀರಿನಲ್ಲಿಟ್ಟು ಒಂದು ತಿಂಗಳಾಯಿತು ಮೇಡಂ, ಮೇಲೆ ಸೊಪ್ಪು ಚೆನ್ನಾಗಿ ಬಂದಿದೆ, ಕೆಳಗೆ ಗೆಡ್ಡೆ ಮಾತ್ರ ಕಾಣಿಸುತ್ತಿಲ್ಲ" ಎಂದರು. ಇನ್ನೊಂದು ವರ್ಷ ಕಾದರೂ ಕಾಣಿಸುವುದಿಲ್ಲ ಎಂದು ಹೇಳಬೇಕಾಯಿತು. ನಾವು ತಿನ್ನುವ ಕ್ಯಾರೆಟ್ ಬೀಜದಿಂದ ನೇರವಾಗಿ ಇಳಿದ ತಾಯಿಬೇರು. ಅದನ್ನು ಒಮ್ಮೆ ಕತ್ತರಿಸಿದ ಮೇಲೆ ಆ ಸಸ್ಯ ಎಳೆಯ ಬೇರುಗಳನ್ನು ಬಿಡಬಹುದೇ ಹೊರತು ಮತ್ತೊಂದು ದಪ್ಪನೆಯ ಬೇರನ್ನು ಕಟ್ಟಲಾರದು. ಬೀಟ್‌ರೂಟ್ ಮತ್ತು ಮೂಲಂಗಿಗಳದ್ದೂ ಇದೇ ಕಥೆ. ಸೊಪ್ಪು ಬೇಕೆಂದಿದ್ದರೆ ಧಾರಾಳವಾಗಿ ಇಡಬಹುದು, ಮೂರರ ಸೊಪ್ಪೂ ಪಲ್ಯಕ್ಕೆ ಆಗುತ್ತದೆ.

ಅಡುಗೆಮನೆಯ ತುಂಡುಗಳಿಂದ ತರಕಾರಿ ಬೆಳೆಯುವ ವಿಡಿಯೊಗಳು ಬಹುಪಾಲು ಚಿಗುರಿನ ಹಂತಕ್ಕೇ ನಿಂತುಬಿಡುತ್ತವೆ. ಚಿಗುರು ಎಂದರೆ ತುಂಡಿನಲ್ಲಿ ಜೀವಂತ ಮೊಗ್ಗು ಉಳಿದಿತ್ತು ಎಂದಷ್ಟೇ ಅರ್ಥ. ಆ ಚಿಗುರಿನಿಂದ ನಮಗೆ ಏನು ಸಿಗುತ್ತದೆ ಎಂಬುದು, ನಾವು ತಿನ್ನುವ ಭಾಗ ಬೇರೋ, ಕಾಂಡವೋ, ಎಲೆಯೋ, ಕಾಯಿಯೋ ಎಂಬುದನ್ನು ಅವಲಂಬಿಸಿರುತ್ತದೆ. ಶುಂಠಿ, ಅರಿಶಿನ ಮತ್ತು ಕೆಸುವಿನ ಗೆಡ್ಡೆಗಳು ನೆಲದೊಳಗಿನ ಕಾಂಡಗಳಾದ್ದರಿಂದ ಅವುಗಳ ಒಂದೊಂದು ಕಣ್ಣೂ ಹೊಸ ಗಿಡವಾಗಿ, ಮತ್ತೆ ಅಂಥದ್ದೇ ಗೆಡ್ಡೆಯನ್ನು ಕಟ್ಟಬಲ್ಲದು. ಕ್ಯಾರೆಟ್ಟಿಗೆ ಆ ಭಾಗ್ಯವಿಲ್ಲ.

ಬೇಗ ಫಲ ಕಾಣಬೇಕೆನ್ನುವವರು ಈರುಳ್ಳಿ ಹೂವು ಎಂದು ನಾವು ಕರೆಯುವ ಎಳೆ ಈರುಳ್ಳಿಯಿಂದ ಆರಂಭಿಸಬಹುದು. ಬೇರಿನ ಸಮೇತ ಮೂರು ನಾಲ್ಕು ಸೆಂಟಿಮೀಟರಿನಷ್ಟು ಬಿಳಿಯ ಬುಡವನ್ನು ಉಳಿಸಿ ಕತ್ತರಿಸಿ, ಬೇರು ಮಾತ್ರ ಮುಳುಗುವಷ್ಟು ನೀರಿರುವ ಲೋಟದಲ್ಲಿ ಕಿಟಕಿಯ ಬಳಿ ನಿಲ್ಲಿಸಿದರೆ, ಎರಡನೆಯ ದಿನವೇ ಕತ್ತರಿಸಿದ ಜಾಗದ ನಡುವಿನ ಹಸಿರು ಉಂಗುರ ಸುತ್ತಲಿನ ಪೊರೆಗಳಿಗಿಂತ ಮೇಲೆದ್ದಿರುವುದನ್ನು ನೋಡಬಹುದು. ವಾರದೊಳಗೆ ಕೊಯ್ಯುವಷ್ಟು ಎಲೆ ಬರುತ್ತದೆ. ಪುದೀನ ಮತ್ತು ಬಸಳೆಯ ದಂಟುಗಳು ಗೆಣ್ಣಿನ ಬಳಿ ಬೇರು ಬಿಡುವುದರಿಂದ ಕನಿಷ್ಠ ಒಂದು ಗೆಣ್ಣು ನೀರಿನೊಳಗಿರಬೇಕು, ಆದರೆ ಎಲೆಗಳು ಮುಳುಗಬಾರದು, ಏಕೆಂದರೆ ಮುಳುಗಿದ ಎಲೆಯೇ ಮೊದಲು ಕೊಳೆತು ನೀರನ್ನು ಕೆಡಿಸುತ್ತದೆ. ಎಲೆಕೋಸಿನ ಬುಡವನ್ನು ನೆಟ್ಟರೆ ಸುತ್ತಲೂ ಅಂಗೈಯಗಲದ ಎಲೆಗಳು ಬರುತ್ತವೆ, ಮೊದಲಿನಂಥ ಕೋಸನ್ನು ನಿರೀಕ್ಷಿಸಬಾರದು.

ನೀರಿನಲ್ಲಿ ಬೆಳೆಯುತ್ತಿದೆ ಎಂದು ನಾವು ಭಾವಿಸುವ ಈ ತುಂಡುಗಳು ನಿಜವಾಗಿ ತಮ್ಮೊಳಗೆ ಉಳಿದಿದ್ದ ಆಹಾರವನ್ನು ಕರಗಿಸಿಕೊಂಡು ಬೆಳೆಯುತ್ತಿರುತ್ತವೆ, ಆದ್ದರಿಂದ ಎರಡು ಕೊಯ್ಲಿನ ಬಳಿಕ ಎಲೆ ದಾರದಂತೆ ಸಣ್ಣಗಾಗುತ್ತದೆ. ಬೇರು ಬಂದ ಕೂಡಲೇ ಮಣ್ಣಿಗೆ ದಾಟಿಸುವುದೇ ಇದಕ್ಕೆ ಪರಿಹಾರ. ಮಣ್ಣಿನ ಮಿಶ್ರಣಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಕಾಫಿ ನರ್ಸರಿಯ ಬುಟ್ಟಿ ತುಂಬಿಸಲು ನಮ್ಮ ತೋಟಗಳಲ್ಲಿ ಬಳಸುವ ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳಿನ ಮಿಶ್ರಣವೇ ಸಾಕು. ಇನ್ನು ಲೋಟದ ನೀರನ್ನು ಎರಡು ದಿನಕ್ಕೊಮ್ಮೆಯಾದರೂ ಬದಲಿಸಲೇಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನಗಳಲ್ಲಿ ಆ ಮೊಟ್ಟೆಗಳು ಹಾರುವ ಸೊಳ್ಳೆಗಳಾಗುತ್ತವೆ.

ಕೊಡಗಿನ ಹಿತ್ತಲಿಗೆ ಹೇಳಿ ಮಾಡಿಸಿದಂತಿರುವ, ಆದರೆ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣಸಿಗದ ತರಕಾರಿಯೆಂದರೆ ಸೀಮೆಬದನೆ. ಇದರ ಕಾಯಿಯೊಳಗೆ ಒಂದೇ ಒಂದು ಬೀಜವಿರುತ್ತದೆ. ಆ ಬೀಜಕ್ಕೆ ಗಟ್ಟಿ ಸಿಪ್ಪೆಯಿಲ್ಲ, ಒಣಗಿಸಿ ಎತ್ತಿಡಲು ಬರುವುದಿಲ್ಲ, ಕಾಯಿಯಿಂದ ಬಿಡಿಸಿ ನೆಡುವುದೂ ಕಷ್ಟ. ಕಾಯಿ ಬಲಿತ ಮೇಲೆ ಬೀಜ ತಾನಿದ್ದಲ್ಲೇ ಮೊಳೆಯುತ್ತದೆ. ತರಕಾರಿ ಬುಟ್ಟಿಯಲ್ಲಿ ಮರೆತುಹೋದ ಸೀಮೆಬದನೆಯ ಅಗಲವಾದ ತುದಿಯ ಸೀಳಿನಿಂದ ಕುಡಿ ಹೊರಗಿಣುಕಿರುವುದನ್ನು ನೋಡದ ಮನೆ ನಮ್ಮಲ್ಲಿ ಕಡಿಮೆ. ಅದನ್ನು ಎಸೆಯದೆ ಇಡೀ ಕಾಯಿಯನ್ನೇ ನೆಡಬೇಕು. ಕಾಯನ್ನು ಅಡ್ಡಲಾಗಿ ಮಲಗಿಸಿ, ಕುಡಿ ಮೇಲ್ಮುಖವಾಗಿರುವಂತೆ ನೋಡಿಕೊಂಡು, ಮೂರನೆಯ ಒಂದು ಭಾಗ ಮಣ್ಣಿನ ಮೇಲೆ ಕಾಣುವಂತೆ ಬಿಡಬೇಕು. ಪೂರ್ತಿ ಹೂತರೆ ನಮ್ಮ ಮಳೆಗೆ ಕಾಯಿಯೇ ಕೊಳೆತು, ಅದರ ತಿರುಳನ್ನು ಉಂಡು ಬೆಳೆಯಬೇಕಾದ ಮೊಳಕೆಯೂ ಜೊತೆಗೆ ಹೋಗುತ್ತದೆ. ಮೇ ತಿಂಗಳಿನಲ್ಲಿ ನೆಟ್ಟರೆ ಜೂನ್ ಮಳೆ ಬಲಿಯುವ ಮೊದಲೇ ಬೇರು ಹಿಡಿದಿರುತ್ತದೆ. ಬಳ್ಳಿ ಚಪ್ಪರವೇರಿ ಎರಡು ಮೂರು ತಿಂಗಳು ಬರೀ ಎಲೆಯನ್ನೇ ಬಿಡುತ್ತಿದ್ದರೆ ಗಾಬರಿಪಟ್ಟು ಗೊಬ್ಬರ ಸುರಿಯುವ ಅಗತ್ಯವಿಲ್ಲ. ಇದು ಹಗಲು ಕಿರಿದಾಗುವುದನ್ನು ಕಾದು ಹೂ ಬಿಡುವ ಬಳ್ಳಿ, ಆದ್ದರಿಂದ ಸೆಪ್ಟೆಂಬರ್ ಕಳೆಯಬೇಕು. ಗಂಡು ಹೂ ಮತ್ತು ಹೆಣ್ಣು ಹೂ ಎರಡೂ ಒಂದೇ ಬಳ್ಳಿಯಲ್ಲಿ ಬರುವುದರಿಂದ ಒಂದು ಬಳ್ಳಿಯಿದ್ದರೂ ಸಾಕು, ಮಿಕ್ಕ ಕೆಲಸವನ್ನು ಜೇನು ಮಾಡುತ್ತದೆ. ಮೊದಲ ವರ್ಷದ ಬೆಳೆ ಮುಗಿದ ಮೇಲೆ ಬುಡವನ್ನು ಕೀಳಬಾರದು, ನೆಲದೊಳಗಿನ ಗೆಡ್ಡೆಯಿಂದ ಅದು ಮತ್ತೆ ಚಿಗುರುತ್ತದೆ.

ಶುಂಠಿಯ ಬಗ್ಗೆ ಬರೆಯುವಾಗ ನನ್ನದೇ ತಪ್ಪನ್ನು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂತೆಯಿಂದ ತಂದ ಶುಂಠಿಯಲ್ಲಿ ಉಳಿದ ಮೊಳಕೆಯ ತುಂಡುಗಳನ್ನು ಹಿತ್ತಲಿನ ಅರಿಶಿನದ ಪಾತಿಯ ಅಂಚಿಗೆ ಊರಿದ್ದೆ. ಜುಲೈ ಕೊನೆಗೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು; ಗಿಡವನ್ನು ಹಿಡಿದು ಎಳೆದಾಗ ಬುಡ ಸಲೀಸಾಗಿ ಕಿತ್ತು ಕೈಗೆ ಬಂತು, ಜೊತೆಗೆ ಕೊಳೆತ ವಾಸನೆ. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಗೆಡ್ಡೆ ಕೊಳೆ ರೋಗ ಅದು, ಅರಿಶಿನವನ್ನೂ ಬಿಡಲಿಲ್ಲ. ಬೀಜದ ಗೆಡ್ಡೆಯ ಮೂಲಕವೇ ಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಈ ರೋಗ, ಮಡಿಕೇರಿಯಂತೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ನೀರಿನೊಂದಿಗೆ ಹರಿದು ಕೆಳಗಿನ ಪಾತಿಗಳಿಗೂ ಇಳಿಯುತ್ತದೆ. ಆದ್ದರಿಂದ ಪೇಟೆಯ ಶುಂಠಿಯನ್ನು ನೆಡುವುದಾದರೆ ಚೀಲದಲ್ಲೇ ನೆಡಿ. ನೀರು ಸರಾಗವಾಗಿ ಬಸಿದುಹೋಗುವಂತೆ ಚೀಲಕ್ಕೆ ತೂತು ಮಾಡಿ, ಮಳೆಯ ಏಟು ನೇರವಾಗಿ ಬೀಳದ ಮಾಡಿನಂಚಿನಲ್ಲಿಡಿ. ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ಬಳಿಕ, ಏಪ್ರಿಲ್ ಮೇ ತಿಂಗಳಲ್ಲಿ, ಒಂದೆರಡು ಗಟ್ಟಿ ಕಣ್ಣುಗಳಿರುವ 20ರಿಂದ 25 ಗ್ರಾಂ ತೂಕದ ತುಂಡನ್ನು ಕತ್ತರಿಸಿ, ಕೊಯ್ದ ಭಾಗ ಒಣಗುವವರೆಗೆ ನೆರಳಿನಲ್ಲಿಟ್ಟು ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಗೆಡ್ಡೆ ಬಲಿಯುತ್ತದೆ. ನಡುವೆ ಗಿಡ ಹಸಿರಾಗಿದ್ದಂತೆಯೇ ಬಾಡಿದರೆ, ಬುಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯದಿಂದ ಬರುವ ಸೊರಗು ರೋಗ; ಗಿಡವನ್ನೂ ಚೀಲದ ಮಣ್ಣನ್ನೂ ಗೊಬ್ಬರಗುಂಡಿಗೆ ಹಾಕಬಾರದು. ಶುಂಠಿ ಬೆಳೆಯನ್ನೇ ನಂಬಿರುವವರು ಪಕ್ಕದ ಗದ್ದೆಯಲ್ಲಿದ್ದರಂತೂ ಈ ಎಚ್ಚರಿಕೆ ನೆರೆಹೊರೆಯ ಮರ್ಯಾದೆಯ ಪ್ರಶ್ನೆ.

ಬೆಳ್ಳುಳ್ಳಿಯ ಎಸಳನ್ನು ನೆಟ್ಟರೆ ಒಗ್ಗರಣೆಗೆ ಪರಿಮಳದ ಎಲೆ ಸಿಗುತ್ತದೆ. ಆಲೂಗಡ್ಡೆಯ ಮೊಳಕೆಯನ್ನು ಮಳೆಗಾಲದಲ್ಲಿ ಊರಬೇಡಿ, ಅಂಗಮಾರಿ ರೋಗ ಅದರಿಂದ ಟೊಮೆಟೊಗೂ ದಾಟುತ್ತದೆ. ಹಸಿರುಗಟ್ಟಿದ ಆಲೂಗಡ್ಡೆಯನ್ನಂತೂ ತಿನ್ನಲೇಬಾರದು. ಅಂಗಡಿಯ ಟೊಮೆಟೊಗಳು ಹೆಚ್ಚಾಗಿ ಹೈಬ್ರಿಡ್ ಆಗಿರುವುದರಿಂದ ಅವುಗಳ ಬೀಜದಿಂದ ಬರುವ ಒಂದೊಂದು ಗಿಡದ ಕಾಯಿ ಒಂದೊಂದು ಬಗೆಯಾಗಿದ್ದರೆ ಆಶ್ಚರ್ಯಪಡಬೇಕಿಲ್ಲ.

ಹೊರಗಿಟ್ಟ ಕುಂಡಗಳ ಎಳೆ ಚಿಗುರು ರಾತ್ರಿಯಲ್ಲಿ ಮಾಯವಾಗುತ್ತಿದ್ದರೆ ಔಷಧ ತರುವ ಮೊದಲು, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕುಂಡದ ಅಡಿಯನ್ನೊಮ್ಮೆ ಎತ್ತಿ ನೋಡಿ. ಶನಿವಾರಸಂತೆ ಕಡೆಯ ಕಾಫಿ ತೋಟಗಳನ್ನು ಕಾಡಿದ ಆಫ್ರಿಕದ ದೈತ್ಯ ಬಸವನಹುಳು ಹಗಲಿನಲ್ಲಿ ಅಂಥ ತಂಪಾದ ಜಾಗದಲ್ಲೇ ಅಡಗಿರುತ್ತದೆ. ಬರಿಗೈಯಲ್ಲಿ ಮುಟ್ಟದೆ, ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ನೀರನ್ನು ಮಾತ್ರ ಗಿಡಗಳ ಬುಡಕ್ಕೆ ಚೆಲ್ಲಬೇಡಿ.