ಕರಾವಳಿಯವರಿಗೆಲ್ಲ ಈಜು ಬರುತ್ತದಾ? ಸೈಕಲ್?

ಘಟ್ಟದ ಮೇಲಿನಿಂದ ಕೆಲಸಕ್ಕೆಂದೋ ಮದುವೆಯಾಗಿಯೋ ಉಡುಪಿ, ಮಂಗಳೂರಿಗೆ ಬಂದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಇಲ್ಲಿನ ದೊಡ್ಡವರಿಗೆಲ್ಲ ಈಜು, ಸೈಕಲ್ ಎರಡೂ ಬರುತ್ತದಾ? ನನಗೆ ಎರಡೂ ಬರುವುದಿಲ್ಲ. ವಯಸ್ಸು ಮೂವತ್ತು ದಾಟಿತು. ಈಗ ಕಲಿಯಲು ಹೊರಟರೆ ಆದೀತಾ, ಜನ ನಗುವುದಿಲ್ವಾ?"

ನೇರವಾಗಿಯೇ ಹೇಳುತ್ತೇನೆ. ಸೈಕಲ್ ಬಹಳ ಜನರಿಗೆ ಬರುತ್ತದೆ, ಅದರಲ್ಲೂ ಗಂಡಸರಿಗೆ. ಈಜು ಮಾತ್ರ, ನಾನು ನೋಡಿದ ಮಟ್ಟಿಗೆ, ಬಾರದವರೇ ಜಾಸ್ತಿ. ಒಂದು ಕಡೆ ಕಡಲು, ನಾಲ್ಕು ಹೆಜ್ಜೆಗೊಂದು ಹೊಳೆ, ಮನೆಗೊಂದು ಬಾವಿ. ಹಾಗಾಗಿ ಇಲ್ಲಿಯವರೆಲ್ಲ ಹುಟ್ಟು ಈಜುಗಾರರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದರಿಂದ ತೊಂದರೆಯಿಲ್ಲ. ನಮ್ಮ ಹುಡುಗರೂ ಹಾಗೇ ಅಂದುಕೊಂಡು ನೀರಿಗೆ ಇಳಿಯುತ್ತಾರಲ್ಲ, ಅದು ನನಗೆ ಭಯ ಹುಟ್ಟಿಸುತ್ತದೆ.

ಈಜು ಬಾರದಿರುವುದು ನಿಮ್ಮೊಬ್ಬರ ಕೊರತೆ ಏನಲ್ಲ. ಲಾಯ್ಡ್ಸ್ ರಿಜಿಸ್ಟರ್ ಫೌಂಡೇಶನ್‌ಗಾಗಿ ಗ್ಯಾಲಪ್ ಸಂಸ್ಥೆ 2019ರಲ್ಲಿ 140ಕ್ಕೂ ಹೆಚ್ಚು ದೇಶಗಳಲ್ಲಿ ಒಂದು ಸಮೀಕ್ಷೆ ಮಾಡಿತ್ತು. 15 ವರ್ಷ ದಾಟಿದವರಲ್ಲಿ ಯಾರ ಆಸರೆಯೂ ಇಲ್ಲದೆ ಈಜಬಲ್ಲವರು ಅರ್ಧಕ್ಕಿಂತ ಕಡಿಮೆ. ಹೆಂಗಸರಲ್ಲಂತೂ ಮೂವರಲ್ಲಿ ಒಬ್ಬರಿಗೆ ಮಾತ್ರ ಈಜು ಗೊತ್ತು. ಸೈಕಲ್ಲಿನ ಕತೆ ಸ್ವಲ್ಪ ವಾಸಿ. ಇಪ್ಸೋಸ್ ಸಂಸ್ಥೆ 2022ರಲ್ಲಿ 28 ದೇಶಗಳ ಜನರನ್ನು ಆನ್‌ಲೈನಿನಲ್ಲಿ ಕೇಳಿದಾಗ ಸರಾಸರಿ ನೂರಕ್ಕೆ 63 ಮಂದಿ ತಮಗೆ ಸೈಕಲ್ ಬರುತ್ತದೆ ಎಂದರು. ನಮ್ಮ ದೇಶದಲ್ಲಿ 2011ರ ಜನಗಣತಿ ಹೊತ್ತಿಗೆ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಬೈಕ್, ಸ್ಕೂಟರ್ ಇದ್ದದ್ದು 21 ಮನೆಗಳಲ್ಲಿ.

ಹಾಗಾದರೆ ಇಷ್ಟು ನೀರಿರುವ ಊರಲ್ಲಿ ಈಜು ಯಾಕೆ ಇಲ್ಲ? ಹಿಂದೆ ಇತ್ತು, ಆದರೆ ಅರ್ಧ ಜನಕ್ಕೆ ಮಾತ್ರ ಇತ್ತು. ಹಳ್ಳಿಯ ಹುಡುಗರು ತೋಟದ ಕೆರೆಯಲ್ಲೋ, ಕಟ್ಟ ಕಟ್ಟಿ ನೀರು ನಿಲ್ಲಿಸಿದ ತೋಡಿನಲ್ಲೋ (ಸಣ್ಣ ಹಳ್ಳ) ಕಲಿಯುತ್ತಿದ್ದರು. ಗುರು ಅಂದರೆ ಅಣ್ಣ, ಇಲ್ಲವೇ ಪಕ್ಕದ ಮನೆಯ ದೊಡ್ಡ ಹುಡುಗ. ಬೇಕಾದ ಸಲಕರಣೆ ಎರಡು ಒಣ ತೆಂಗಿನಕಾಯಿ. ಸುಲಿಯದ ಕಾಯಿಗಳನ್ನು ತೆಗೆದುಕೊಂಡು, ಒಂದೊಂದರದೂ ಸಿಪ್ಪೆಯ ಒಂದು ಎಳೆಯನ್ನು ತೊಟ್ಟಿನ ಕಡೆಯಿಂದ ಎಬ್ಬಿಸಿ, ಅವೆರಡನ್ನೂ ಸೇರಿಸಿ ಗಂಟು ಹಾಕಬೇಕು. ಗಂಟಿನ ಮೇಲೆ ಎದೆಯಿಟ್ಟು ಮಲಗಿದರೆ ಕಾಯಿಗಳು ಎರಡು ಕಂಕುಳಿನ ಪಕ್ಕ ತೇಲುತ್ತವೆ. ಕಾಲು ಬಡಿಯುತ್ತಾ ಹೋಗುವುದು. ಕಾಯಿ ಸಿಗದಿದ್ದರೆ ಬಾಳೆದಿಂಡು, ಅದೂ ಇಲ್ಲದಿದ್ದರೆ ಲಾರಿಯ ಟ್ಯೂಬು. ಸ್ವಲ್ಪ ಧೈರ್ಯ ಬಂದ ಮೇಲೆ ಅಣ್ಣ ಹೇಳದೆ ಕೇಳದೆ ಕಾಯಿ ಎಳೆದುಕೊಳ್ಳುತ್ತಿದ್ದ. ಆದರೆ ಕೈಗೆ ಎಟಕುವಷ್ಟು ದೂರದಲ್ಲೇ ನಿಂತಿರುತ್ತಿದ್ದ.

ಹೆಣ್ಣುಮಕ್ಕಳು? ಅವರೂ ಅದೇ ಕೆರೆಗೆ ಬರುತ್ತಿದ್ದರು. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು. ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಲು ಸೊಂಟದ ಮಟ್ಟ ಇಳಿಯುವವರು ಇಂದಿಗೂ ಇದ್ದಾರೆ. ಜೀವಮಾನವಿಡೀ ನೀರಿನ ಜೊತೆಗೇ ಕೆಲಸ, ಆದರೂ ಈಜು ಬಾರದು. ಸೀರೆ ಉಟ್ಟು ಈಜುವುದು ಹೇಗೆ, ನಾಲ್ಕು ಜನ ನೋಡಿದರೆ ಏನಂದಾರು ಎಂಬ ಮಾತಿನಲ್ಲೇ ಎಷ್ಟೋ ಹುಡುಗಿಯರ ಈಜು ಮೆಟ್ಟಿಲ ಮೇಲೇ ಮುಗಿಯಿತು. ಇದು ನನಗೆ ತುಂಬಾ ಬೇಸರದ ವಿಷಯ. ಕಾಲು ಜಾರಿದರೆ ಮುಳುಗುವ ಅಪಾಯ ಹೆಚ್ಚಿದ್ದವರಿಗೇ ನಾವು ಕಲಿಸಲಿಲ್ಲ.

ಈಗ ಗಂಡುಮಕ್ಕಳಿಗೂ ಆ ಶಾಲೆ ಮುಚ್ಚಿದೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿತು, ಕೆರೆ ಹೂಳು ತುಂಬಿತು, ತೋಟಕ್ಕೆ ಬೋರ್‌ವೆಲ್ ಬಂತು. ಪೇಟೆಯ ತೋಡಿನಲ್ಲಿ ಚರಂಡಿ ನೀರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿಗೆ ಸಿಗುವ ಪಾಠ ಒಂದೇ: "ನೀರಿನ ಹತ್ತಿರ ಹೋಗಬೇಡ." ಆ ಮಾತು ಹತ್ತು ವರ್ಷದವರೆಗೆ ನಡೆಯುತ್ತದೆ. ಹದಿನೈದಾದ ಮೇಲೆ ಗೆಳೆಯರ ಜೊತೆ ಹೋಗಿಯೇ ಹೋಗುತ್ತಾರೆ.

ಹೋಗುವ ಜಾಗ ಕೆರೆಗಿಂತ ಕಷ್ಟದ್ದು. ಕೆಂಪುಕಲ್ಲಿನ ಕೋರೆ ನೋಡಿದ್ದೀರಾ? ಯಂತ್ರದಿಂದ ಕೊಯ್ದು ಕಲ್ಲು ಎತ್ತಿದ ಗುಂಡಿ. ನಾಲ್ಕೂ ಕಡೆ ಗೋಡೆಯ ಹಾಗೆ ನೆಟ್ಟಗೆ. ಕೆಲಸ ನಿಂತ ಮೇಲೆ ಮಳೆನೀರು ತುಂಬಿ ಹಸಿರಾಗಿ, ನೋಡಲು ತಣ್ಣಗೆ ಕಾಣುತ್ತದೆ. ಅಂಚಿನಲ್ಲಿ ಕಾಲಿಟ್ಟರೆ ಪಾಚಿ. ಒಳಗೆ ಬಿದ್ದರೆ ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ, ಇಳಿಜಾರು ದಡವೂ ಇಲ್ಲ. ಅಲ್ಪಸ್ವಲ್ಪ ಈಜು ಬಂದರೂ ಹತ್ತಿ ಬರಲು ಆಗುವುದಿಲ್ಲ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳದ್ದೂ ಇದೇ ಕತೆ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಒಳಗೆ.

ಕಡಲಂತೂ ಬೇರೆಯೇ ಲೆಕ್ಕ. ಕೆರೆಯಲ್ಲಿ ಚೆನ್ನಾಗಿ ಈಜುವವರೂ ಅಳಿವೆಯ ಬಾಯಲ್ಲಿ ಸೋಲುತ್ತಾರೆ. ದಡಕ್ಕೆ ಬಡಿದ ಅಲೆಯ ನೀರು ಹಿಂದೆ ಹೋಗಲು ಒಂದು ದಾರಿ ಮಾಡಿಕೊಂಡಿರುತ್ತದೆ. ಅದರಲ್ಲಿ ಸಿಕ್ಕಿದರೆ ನಿಮ್ಮನ್ನೂ ಹೊರಗೆ ಎಳೆದೊಯ್ಯುತ್ತದೆ. ಎದುರು ಈಜಿದರೆ ಸುಸ್ತಾಗುವುದೇ ಬಂತು. ದಡಕ್ಕೆ ಸಮವಾಗಿ, ಎಡಕ್ಕೋ ಬಲಕ್ಕೋ ಈಜಿ ಸೆಳೆತದಿಂದ ಹೊರಗೆ ಬಂದು, ಆಮೇಲೆ ದಡದ ಕಡೆ ತಿರುಗಬೇಕು. ಆಗದಿದ್ದರೆ ಸುಮ್ನೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಮಳೆಗಾಲದಲ್ಲಿ ಮಲ್ಪೆ ಬೀಚಿನಲ್ಲಿ ಬಲೆ ಕಟ್ಟಿ ಕೆಂಪು ಬಾವುಟ ನೆಡುವುದು ಇದಕ್ಕೇ. ಆ ಬಲೆ ದಾಟಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ದಯವಿಟ್ಟು ಒಂದು ಮಾತು ಹೇಳಿ.

ಅಪಾಯ ಕಡಲಿನಲ್ಲೇ ಇರಬೇಕೆಂದಿಲ್ಲ. 2024ರ ನವೆಂಬರ್‌ನಲ್ಲಿ ಸೋಮೇಶ್ವರ ಉಚ್ಚಿಲದ ಒಂದು ರೆಸಾರ್ಟ್‌ನ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ತೀರಿಕೊಂಡರು. ಮೂವರಿಗೂ ಈಜು ಬರುತ್ತಿರಲಿಲ್ಲ. ಒಬ್ಬರು ಆಳದ ಕಡೆ ಸರಿದಾಗ ಎತ್ತಲು ಹೋದ ಇನ್ನಿಬ್ಬರೂ ಮುಳುಗಿದರು. ಕಡಲು ಅಲ್ಲೇ ಪಕ್ಕದಲ್ಲಿತ್ತು. ಜೀವ ಹೋದದ್ದು ಅಲೆಯೇ ಇಲ್ಲದ ಕೊಳದಲ್ಲಿ. ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ನಮ್ಮಲ್ಲಿ ಅದು ಆಟಿ ತಿಂಗಳು, ಹೊಳೆಗಳು ತುಂಬಿ ಹರಿಯುವ ಹೊತ್ತು.

ಹಾಗಾಗಿ "ನನಗೆ ಈಜು ಬರುತ್ತದೆ" ಅಂದರೆ ಏನು ಎಂದು ಕೇಳಿಕೊಳ್ಳಬೇಕು. ಹಲವರ ಲೆಕ್ಕದಲ್ಲಿ ಕೊಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಉಸಿರು ಕಟ್ಟಿ ಕೈಕಾಲು ಬಡಿಯುವುದು ಈಜು. ಅಮೆರಿಕದ ರೆಡ್ ಕ್ರಾಸ್ ಐದು ಕೆಲಸ ಬರಬೇಕು ಎನ್ನುತ್ತದೆ. ತಲೆ ಮುಳುಗುವ ನೀರಿಗೆ ಬಿದ್ದು ಮೇಲೆ ಬರಬೇಕು. ಒಂದು ನಿಮಿಷ ತೇಲಬೇಕು, ಇಲ್ಲವೇ ನಿಂತಲ್ಲೇ ಕಾಲಾಡಿಸಿ ತಲೆ ಮೇಲಿಟ್ಟುಕೊಳ್ಳಬೇಕು. ಪೂರ್ತಿ ಸುತ್ತು ತಿರುಗಿ ದಡ ಎಲ್ಲಿದೆ ನೋಡಬೇಕು. ಸುಮಾರು 23 ಮೀಟರ್ ಈಜಬೇಕು. ಕೊನೆಗೆ ಏಣಿ ಇಲ್ಲದೆ ಹತ್ತಿ ಹೊರಗೆ ಬರಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳಿಗೆ ಈಜಿನ ಪರೀಕ್ಷೆ ಮಾಡುವಾಗ ಬಟ್ಟೆ, ಶೂ ಹಾಕಿಸಿಯೇ ನೀರಿಗೆ ಇಳಿಸುತ್ತಾರೆ. ಯಾಕೆಂದರೆ ಕಾಲುವೆಗೆ ಬೀಳುವಾಗ ಯಾರೂ ಈಜುಡುಗೆಯಲ್ಲಿ ಇರುವುದಿಲ್ಲ. ಚೂಡಿದಾರ್, ಲುಂಗಿ, ಜೀನ್ಸ್‌ನಲ್ಲಿ ನೀರಿಗೆ ಬೀಳುವ ನಮಗೆ ಈ ಪಾಠ ಇನ್ನೂ ಹೆಚ್ಚು ಬೇಕು.

ಇನ್ನು ಸೈಕಲ್. ಇದಕ್ಕೆ ನಮ್ಮ ನೆಲವೇ ಅಡ್ಡ. ಮಂಗಳೂರು ಅಂದರೆ ಗುಡ್ಡೆ: ಬಾವುಟಗುಡ್ಡೆ, ಬಲ್ಮಠ, ಕದ್ರಿ, ಬೆಂದೂರು. ಹಂಪನಕಟ್ಟೆಯಿಂದ ಯಾವ ಕಡೆ ಹೊರಟರೂ ಒಂದು ಏರು ಸಿಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜೊತೆಗೆ ಐದು ನಿಮಿಷಕ್ಕೊಂದು ಖಾಸಗಿ ಬಸ್ಸು. ಹೀಗಿರುವಾಗ ಶಾಲೆ, ಕಚೇರಿಗೆ ಸೈಕಲ್ ತುಳಿಯುವ ಅಭ್ಯಾಸ ಬಯಲುಸೀಮೆಯಷ್ಟು ಬೆಳೆಯಲಿಲ್ಲ. ಕಡಲ ಪಕ್ಕದ ಮಟ್ಟಸ ರಸ್ತೆಗಳಲ್ಲಿ, ಉಳ್ಳಾಲ, ಕಾಪು, ಮಲ್ಪೆಯ ಕಡೆ, ಸೈಕಲ್ ಮೊದಲಿನಿಂದಲೂ ಹೆಚ್ಚು. ಹಿಂದೆ ಬುಟ್ಟಿ ಕಟ್ಟಿ ಹಾರ್ನ್ ಒತ್ತುತ್ತಾ ಮೀನು ಮಾರಿದವರು ಸೈಕಲ್ಲಿನಲ್ಲೇ ಊರೂರು ತಿರುಗಿದರು.

ಗಂಡಸರ ಒಂದು ತಲೆಮಾರು ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ. ಸೀಟು ಎಟಕದೆ, ಬಾರಿನ ಅಡಿಯಿಂದ ಕಾಲು ತೂರಿಸಿ ತುಳಿದವರು ಈಗಲೂ ಆ ಮಾತು ತೆಗೆದರೆ ಮೊಣಕಾಲಿನ ಗಾಯ ತೋರಿಸುತ್ತಾರೆ. ಹುಡುಗಿಯರಿಗೆ ಬಾಗಿಲು ತೆರೆದದ್ದು ಸರಕಾರದ ಸೈಕಲ್. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಅದನ್ನು ಪಡೆದ ಮೊದಲ ತಂಡಕ್ಕೆ ಈಗ ಮೂವತ್ತು ದಾಟಿದೆ. ಅವರಿಗಿಂತ ಹಿರಿಯ ಹೆಂಗಸರಲ್ಲಿ ಸೈಕಲ್ ಬರುವವರು ಕಡಿಮೆ. ಅವರಲ್ಲಿ ಕೆಲವರು ಸೈಕಲ್ ಮುಟ್ಟದೆ ನೇರವಾಗಿ ಸ್ಕೂಟರ್ ಕಲಿತವರು. ಕೋವಿಡ್ ಹೊತ್ತಿಗೆ ಆ ಯೋಜನೆ ನಿಂತದ್ದು ನನ್ನ ಪ್ರಕಾರ ದೊಡ್ಡ ನಷ್ಟ.

ಈಗ ಎರಡನೇ ಪ್ರಶ್ನೆ: ಮೂವತ್ತು ದಾಟಿದ ಮೇಲೆ ಕಲಿಯಬಹುದಾ? ಧಾರಾಳವಾಗಿ.

ಸೈಕಲ್ಲಿಗೆ ಹಿಂದೆ ಹಿಡಿದುಕೊಂಡು ಓಡುವವರು ಬೇಡ. ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಇಳಿಸಿ. ಸೈಕಲ್ ಅಂಗಡಿಯಲ್ಲಿ ಹೇಳಿ ಪೆಡಲ್ ಬಿಚ್ಚಿಸಿ. ಮಟ್ಟಸ ಜಾಗದಲ್ಲಿ ಕಾಲಿನಿಂದ ನೆಲ ತಳ್ಳುತ್ತಾ ಹೋಗಿ. ಕಾಲು ಎತ್ತಿ ನಾಲ್ಕಾರು ಮಾರು ಸಾಗಲು ಬಂದರೆ ಬ್ಯಾಲೆನ್ಸ್ ಬಂದಂತೆ, ಆಮೇಲೆ ಪೆಡಲ್ ಹಾಕಿಸಿಕೊಳ್ಳಿ. ಗುಟ್ಟು ಇಷ್ಟೇ, ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ಸ್ವಲ್ಪ ತಿರುಗಬೇಕು. ಹೆದರಿದವರು ಎದುರು ದಿಕ್ಕಿಗೆ ಎಳೆಯುತ್ತಾರೆ, ಬೀಳುತ್ತಾರೆ. ತಿರುಗುವ ಚಕ್ರದ ಬಲವೇ ಸೈಕಲ್ಲನ್ನು ನಿಲ್ಲಿಸುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಅಮೆರಿಕ, ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಆ ಬಲ ಕೆಲಸ ಮಾಡದಂತೆ ಕಟ್ಟಿದ ಒಂದು ಸೈಕಲ್ಲನ್ನು 2011ರಲ್ಲಿ ತೋರಿಸಿದರು. ತಳ್ಳಿಬಿಟ್ಟರೆ ಅದೂ ಬೀಳದೆ ಮುಂದೆ ಹೋಗುತ್ತಿತ್ತು. ವೇಗ ಬೇಕು, ಹ್ಯಾಂಡಲ್ ಸಡಿಲ ಇರಬೇಕು. ಬಿಗಿಹಿಡಿದ ಕೈಯೇ ಶತ್ರು.

ನೀರಿನಲ್ಲೂ ಬಿಗಿಯೇ ಶತ್ರು. ಶ್ವಾಸಕೋಶದ ತುಂಬ ಗಾಳಿ ಇದ್ದಾಗ ಹೆಚ್ಚಿನವರ ದೇಹ ನೀರಿಗಿಂತ ಒಂದಿಷ್ಟು ಹಗುರ. ತೇಲಲು ಅಷ್ಟು ಸಾಕು. ಆದರೆ ತಲೆ, ಕೈ ನೀರಿನಿಂದ ಮೇಲೆತ್ತಿದರೆ ಆ ಭಾರ ಉಳಿದ ದೇಹವನ್ನು ಕೆಳಗೆ ತಳ್ಳುತ್ತದೆ. ಹೆದರಿದವರು ಮಾಡುವುದು ಅದನ್ನೇ. ದೊಡ್ಡವರಿಗೆ ಕಲಿಸುವ ಒಳ್ಳೆಯ ಕೋಚ್ ಮೊದಲು ಕೈಕಾಲು ಬಡಿಯಲು ಹೇಳುವುದಿಲ್ಲ. ಮುಖ ನೀರಿನಲ್ಲಿ ಅದ್ದಿ ಉಸಿರು ಬಿಡಲು ಹೇಳುತ್ತಾರೆ. ಒಮ್ಮೆ ಉಡುಪಿಯ ಅಜ್ಜರಕಾಡಿನ ಈಜುಕೊಳದಲ್ಲಿ ಐವತ್ತು ದಾಟಿದ ಅಮ್ಮ ಒಬ್ಬರನ್ನು ನೋಡಿದೆ. ಗೋಡೆಯ ಸರಳು ಹಿಡಿದು ಮುಖ ಮುಳುಗಿಸುವುದು, ಬುಳುಬುಳು ಅಂತ ಗುಳ್ಳೆ ಬಿಟ್ಟು ಎದ್ದು ಮುಖ ಒರೆಸಿಕೊಳ್ಳುವುದು, ಮತ್ತೆ ಮುಳುಗಿಸುವುದು. ಪಕ್ಕದಲ್ಲಿ ಮಕ್ಕಳು ಸರ್ರನೆ ಹೋಗುತ್ತಿದ್ದರು. ಯಾರೂ ನಗಲಿಲ್ಲ. ಕೊಳದಲ್ಲಿ ಎಲ್ಲರಿಗೂ ಅವರವರ ಉಸಿರಿನದೇ ಚಿಂತೆ, ಅಲ್ವಾ?

ಎರಡರಲ್ಲಿ ಯಾವುದು ಮೊದಲು ಅಂದರೆ ಈಜು ಎನ್ನುತ್ತೇನೆ. ಸೈಕಲ್ ಬಾರದಿದ್ದರೆ ಬಸ್ಸು ಉಂಟು. ಉಡುಪಿಯಲ್ಲಿ ಅಜ್ಜರಕಾಡು, ಮಂಗಳೂರಿನಲ್ಲಿ ಲೇಡಿಹಿಲ್ ಬಳಿಯ ಮಂಗಳಾ ಈಜುಕೊಳ, ಎಮ್ಮೆಕೆರೆಯ ಹೊಸ ಕೊಳ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳ ಗಲಾಟೆ ಜಾಸ್ತಿ, ಬೇರೆ ತಿಂಗಳು ನೋಡಿ. ಹೆಂಗಸರಿಗೇ ಅಂತ ಪ್ರತ್ಯೇಕ ಹೊತ್ತು ಇದೆಯಾ, ದೊಡ್ಡವರಿಗೆ ಕಲಿಸುವವರು ಯಾರು, ಕಲಿಯುವಾಗ ದಡದಲ್ಲಿ ಜೀವರಕ್ಷಕರು ಇರುತ್ತಾರಾ ಎಂಬ ಮೂರು ವಿಷಯ ಫೀಸು ಕಟ್ಟುವ ಮೊದಲೇ ಕೇಳಿ. ಮಕ್ಕಳಿದ್ದರೆ ಜೊತೆಗೆ ಸೇರಿಸಿ. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕಲಿಯುವ ತನಕ, ಯಾರಾದರೂ ಮುಳುಗುವುದು ಕಂಡರೆ ನೀವು ಹಾರಬೇಡಿ. ಹಗ್ಗ, ಸೀರೆ, ಬಿದಿರಿನ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಅವರತ್ತ ಚಾಚಿ, ಇಲ್ಲವೇ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.