ಒಂದು ಡಾಲರ್‌ಗೆ ಕೈಬದಲಾದ ‘ಟರ್ಮಿನೇಟರ್’

2015ರಲ್ಲಿ ‘ಟರ್ಮಿನೇಟರ್ ಜೆನಿಸಿಸ್’ ತೆರೆಕಂಡಾಗ, ಇದು ಹೊಸ ಮೂರು ಸಿನಿಮಾಗಳಲ್ಲಿ ಮೊದಲನೆಯದು ಎಂದು ಹೇಳಲಾಗಿತ್ತು. ಎರಡನೆಯದು ಬರಲೇ ಇಲ್ಲ. ಇಷ್ಟು ದೊಡ್ಡ ಸರಣಿ ಹೀಗೆ ಮುಗ್ಗರಿಸಿದ್ದು ಯಾಕೆ? ಆ ಕಥೆ ಮೊದಲ ಸಿನಿಮಾಕ್ಕಿಂತ ಹಿಂದಿನಿಂದಲೇ ಶುರುವಾಗುತ್ತದೆ.

ಜೇಮ್ಸ್ ಕ್ಯಾಮರೂನ್ ರೋಮ್‌ನಲ್ಲಿ ಜ್ವರ ಬಂದು ಮಲಗಿದ್ದಾಗ ಒಂದು ಕೆಟ್ಟ ಕನಸು ಕಂಡರು. ಬೆಂಕಿಯೊಳಗಿಂದ ಲೋಹದ ಅಸ್ಥಿಪಂಜರ ಎದ್ದು ಬರುತ್ತಿತ್ತು. ಅದನ್ನೇ ಕಥೆ ಮಾಡಿದರು. ಆಗ ಅವರಿಗೆ ಹೆಸರಿರಲಿಲ್ಲ. ನಿರ್ದೇಶನ ತಮ್ಮದೇ ಆಗಿರಬೇಕು ಎಂಬ ಷರತ್ತು ಹಾಕಿ, ನಿರ್ಮಾಪಕಿ ಗೇಲ್ ಆ್ಯನ್ ಹರ್ಡ್ ಅವರಿಗೆ ಹಕ್ಕನ್ನು ಒಂದು ಡಾಲರ್‌ಗೆ ಬರೆದುಕೊಟ್ಟರು.

ಸುಮಾರು 64 ಲಕ್ಷ ಡಾಲರ್‌ನಲ್ಲಿ ತಯಾರಾಗಿ 1984ರಲ್ಲಿ ಬಂದ ಆ ಸಿನಿಮಾ ಇವತ್ತಿಗೂ ಹೆದರಿಸುತ್ತದೆ. ಟರ್ಮಿನೇಟರ್ ಅಂದರೆ ಭವಿಷ್ಯದಿಂದ ಬಂದ, ಮನುಷ್ಯನ ರೂಪದ ಕೊಲೆಗಾರ ಯಂತ್ರ. ಮುಂದೆ ಯಂತ್ರಗಳ ವಿರುದ್ಧ ಹೋರಾಡಲಿರುವ ಜಾನ್ ಹುಟ್ಟಲೇಬಾರದು ಎಂದು ಅವನ ತಾಯಿಯಾಗಲಿರುವ ಸಾರಾಳನ್ನು ಅದು ಹುಡುಕುತ್ತದೆ. ಟೆಲಿಫೋನ್ ಡೈರೆಕ್ಟರಿಯ ಹಾಳೆ ಹರಿದುಕೊಂಡು ಸಾರಾ ಕಾನರ್ ಎಂಬ ಹೆಸರಿನವರನ್ನೆಲ್ಲ ಒಬ್ಬೊಬ್ಬರಾಗಿ ಕೊಲ್ಲುತ್ತಾ ಹೋಗುತ್ತದೆ. ಹೋಟೆಲಿನಲ್ಲಿ ಸಪ್ಲೈ ಮಾಡುವ ಹುಡುಗಿ ಸಾರಾ ತನ್ನದೇ ಹೆಸರಿನವಳ ಕೊಲೆಯ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತಾಳೆ. ಭಯ ಹುಟ್ಟುವುದೇ ಅಲ್ಲಿ. ಅವಳು ನಮ್ಮ ನಿಮ್ಮಂಥ ಸಾಮಾನ್ಯ ಹುಡುಗಿ, ಅಲ್ವಾ?

1991ರ ಎರಡನೇ ಭಾಗಕ್ಕೆ ನಾಲ್ಕು ಆಸ್ಕರ್ ಬಂದವು. ಈ ಸಲ ಹುಡುಗ ಜಾನ್‌ನನ್ನೇ ಕೊಲ್ಲಲು ಬಂದ, ಕರಗಿದ ಲೋಹದ ಮನುಷ್ಯ ಆಸ್ಪತ್ರೆಯ ಕಬ್ಬಿಣದ ಸರಳುಗಳ ನಡುವೆ ನುಸುಳಿ ಬರುತ್ತಾನೆ. ಮೈ ಪೂರ್ತಿ ಈಚೆ ಬಂದರೂ ಕೈಯಲ್ಲಿರುವ ಪಿಸ್ತೂಲು ಮಾತ್ರ ಸರಳಿಗೆ ಟಕ್ ಅಂತ ತಾಗಿ ಸಿಕ್ಕಿಕೊಳ್ಳುತ್ತದೆ. ಕೈ ತಿರುಗಿಸಿ ಬಿಡಿಸಿಕೊಳ್ಳುತ್ತಾನೆ. ಆ ಒಂದು ಸದ್ದಿನಿಂದ ಗ್ರಾಫಿಕ್ಸ್ ಅನ್ನುವುದೇ ಮರೆತುಹೋಗುತ್ತದೆ. ಕೊನೆಗೆ ಸಾರಾ ಮಗ ಜಾನ್‌ನನ್ನು ಉಳಿಸಿಕೊಳ್ಳುತ್ತಾಳೆ. ಕಥೆ ಅಲ್ಲಿಗೆ ಮುಗಿದಿತ್ತು.

ಆದರೆ ಹಕ್ಕು ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಎರಡನೇ ಭಾಗ ತೆಗೆದ ಕಾರೋಲ್ಕೊ ದಿವಾಳಿಯಾಯಿತು. 2003ರಲ್ಲಿ ಮೂರನೇ ಭಾಗ ಬಂತು. 2009ರಲ್ಲಿ ನಾಲ್ಕನೆಯದನ್ನು ತಂದ ಹಾಲ್ಸಿಯನ್ ಕೂಡ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. 2010ರ ಹರಾಜಿನಲ್ಲಿ ಹಕ್ಕು 2.95 ಕೋಟಿ ಡಾಲರ್‌ಗೆ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು. ಮರುವರ್ಷ ಮತ್ತೆ ಮಾರಾಟವಾಯಿತು. ದುಡ್ಡು ಸುರಿದು ಕೊಂಡವರು ಸುಮ್ನೆ ಇಟ್ಟುಕೊಂಡು ಕೂರುತ್ತಾರಾ? ಮುಗಿದ ಕಥೆಯನ್ನು ಮತ್ತೆ ಶುರು ಮಾಡಲೇಬೇಕಾಯಿತು.

‘ಜೆನಿಸಿಸ್’ 1984ರ ದೃಶ್ಯಗಳನ್ನೇ ಮತ್ತೆ ಕಟ್ಟಿ, ಅವುಗಳ ಅರ್ಥ ತಿರುಗಿಸಿತು. ಇಲ್ಲಿ ಸಾರಾಳನ್ನು ಚಿಕ್ಕಂದಿನಿಂದ ಸಾಕಿದ್ದೇ ಒಂದು ಟರ್ಮಿನೇಟರ್. ಯಂತ್ರ ಬರುವ ಮೊದಲೇ ಅವಳು ಬಂದೂಕು ಹಿಡಿದು ಸಿದ್ಧಳಾಗಿರುತ್ತಾಳೆ. ಹೆದರಬೇಕಾದವಳೇ ಹೆದರದಿದ್ದರೆ ನೋಡುವವರಿಗೆ ಭಯ ಎಲ್ಲಿಂದ ಬರಬೇಕು? ಜಾನ್ ಯಂತ್ರವಾಗಿ ಬದಲಾಗುವುದು ಇದ್ದ ಒಂದೇ ದೊಡ್ಡ ತಿರುವು. ಅದನ್ನೂ ಟ್ರೇಲರ್‌ನಲ್ಲೇ ಬಿಟ್ಟುಕೊಟ್ಟರು. ನಿರ್ದೇಶಕ ಅಲನ್ ಟೇಲರ್ ಅವರಿಗೇ ಇದು ಇಷ್ಟವಾಗಿರಲಿಲ್ಲ. ಚೀನಾದಲ್ಲಿ 11 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿದ ಸಿನಿಮಾ ಅಮೆರಿಕ, ಕೆನಡಾದಲ್ಲಿ 9 ಕೋಟಿಯನ್ನೂ ಮುಟ್ಟಲಿಲ್ಲ.

2019ರ ‘ಡಾರ್ಕ್ ಫೇಟ್’ಗೆ ಕ್ಯಾಮರೂನ್ ಅವರೇ ನಿರ್ಮಾಪಕರಾಗಿ ಮರಳಿದರು. ಲಿಂಡಾ ಹ್ಯಾಮಿಲ್ಟನ್ ಮತ್ತೆ ಸಾರಾ ಆದರು. ಎರಡನೇ ಭಾಗದ ನಂತರದ್ದನ್ನೆಲ್ಲ ಇಲ್ಲವೆಂದೇ ಬಿಟ್ಟು ಕಥೆ ಮುಂದುವರಿಯಿತು. ಆರಂಭದಲ್ಲೇ ಒಂದು ಟರ್ಮಿನೇಟರ್ ನಡೆದು ಬಂದು, ಸಮುದ್ರದ ದಡದ ಹೋಟೆಲಿನಲ್ಲಿ ಜಾನ್‌ನನ್ನು ಅಮ್ಮನ ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತದೆ. ಹಿಂದೆ ಎರಡು ಸಿನಿಮಾ ಪೂರ್ತಿ ನಾವು ಉಸಿರು ಬಿಗಿಹಿಡಿದು ಕೂತಿದ್ದು ಆ ಹುಡುಗ ಉಳಿಯಲಿ ಅಂತಲೇ.